ಬಿಎ ಆಗಿದೆ, ಎನ್‌ಟಿಟಿ ಮಾಡಿದರೆ ಸಾಕಾ?

ಬಿಎ ಮುಗಿಸಿ ಬಾಗಲಕೋಟೆಯಲ್ಲಿ ಒಂದು ವರ್ಷದ ಎನ್‌ಟಿಟಿ (ನರ್ಸರಿ ಟೀಚರ್ ತರಬೇತಿ) ಸೇರಿದರೆ ಚಿಕ್ಕ ಮಕ್ಕಳಿಗೆ ಕಲಿಸೋ ಲೈಸೆನ್ಸ್ ಸಿಗುತ್ತಾ ಅಂತ ಕೇಳಿದ್ದೀರಿ. ಇಲ್ರೀ, ಎಲ್‌ಕೆಜಿ ಯುಕೆಜಿಗೆ ಅಂತ ನಮ್ಮಲ್ಲಿ ಲೈಸೆನ್ಸೇ ಇಲ್ಲ. ಟಿಇಟಿ, ಅಂದ್ರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಇರೋದು 1ರಿಂದ 8ನೇ ತರಗತಿಗೆ. ಶಿಕ್ಷಕರ ಕೋರ್ಸುಗಳಿಗೆ ಮಾನ್ಯತೆ ಕೊಡೋ ಕೇಂದ್ರದ ಸಂಸ್ಥೆ ಎನ್‌ಸಿಟಿಇ ಒಪ್ಪಿರೋ ಚಿಕ್ಕ ಮಕ್ಕಳ ಶಿಕ್ಷಣದ ಡಿಪ್ಲೊಮಾ, ಅಂದ್ರೆ ಡಿಪಿಎಸ್‌ಇ, 2 ವರ್ಷದ್ದು. ನಿಮಗೆ ಫೀಸು ಹೇಳಿದವರ ಹತ್ರ ಮಾನ್ಯತೆ ಆದೇಶದ ಪ್ರತಿ ಕೇಳಿ, ಮಾತು ಮರೆಸಿದರೆ ಎದ್ದು ಬನ್ನಿ. ನಾನೂ ಅಂಥ ಕಡೆ ದುಡ್ಡು ಕಟ್ಟಿದ್ದೆ, ಬಂಗಾರದ ಅಂಚಿನ ಸರ್ಟಿಫಿಕೇಟು ಇನ್ನೂ ಟ್ರಂಕಿನಲ್ಲಿದೆ. ಕೆಲಸ ಕೇಳಲು ಹೋದಾಗ ಶಾಲೆಯವರು ಅದನ್ನು ನೋಡಲೂ ಇಲ್ಲ, ಮುಷ್ಟಿ ಹುಣಸೆಬೀಜ ಕೊಟ್ಟು, ಅಳ್ತಾ ಕೂತ ಹುಡುಗನಿಗೆ ಐದರ ತನಕ ಎಣಿಸೋದು ಕಲಿಸಿ ಅಂದರು!

ಮುಂದೆ ಸರ್ಕಾರಿ ಶಾಲೆ ಅಕ್ಕೋರು ಆಗೋ ಆಸೆ ಇದ್ದರೆ ಡಿಎಲ್‌ಇಡಿ (ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ) ಮಾಡಿ. 2 ವರ್ಷ, ಪಿಯುಸಿಯಲ್ಲಿ 50 ಪರ್ಸೆಂಟ್ ಬೇಕು (ಎಸ್‌ಸಿ, ಎಸ್‌ಟಿಗೆ ರಿಯಾಯಿತಿ ಇದೆ). ಆಮೇಲೆ 1ರಿಂದ 5ನೇ ತರಗತಿಗೆ ಬೇಕಾದ ಟಿಇಟಿ ಪೇಪರ್ 1 ಬರೆಯಿರಿ, ಪಾಸಾಗೋಕೆ ಸಾಮಾನ್ಯ ವರ್ಗಕ್ಕೆ 150ಕ್ಕೆ 90 ಬೇಕು. ಸುಮ್ನೆ ಬಿಇಡಿಗೆ ಹೋಗಬೇಡಿ, 1ರಿಂದ 5ಕ್ಕೆ ಅದು ನಡೆಯೋದಿಲ್ಲ ಅಂತ 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ದುಡ್ಡು ಕಟ್ಟೋ ಮೊದಲು ಇಳಕಲ್ ಡಯಟ್‌ಗೆ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಒಮ್ಮೆ ಹೋಗಿ ವಿಚಾರಿಸಿ.