ತಂದೆಯ ಮೊದಲ ಪುಣ್ಯಸ್ಮರಣೆಗೆ ಸ್ಮರಣ ಸಂಚಿಕೆ ತರುವುದೋ, ಅವರ ಹೆಸರಲ್ಲಿ ಬಸ್ ತಂಗುದಾಣ ಕಟ್ಟಿಸುವುದೋ?

ಅದಿರಲಿ, ನಿಮ್ಮ ತಂದೆಯವರ ಮೊಬೈಲ್ ಈಗ ಎಲ್ಲಿದೆ? ಚಾಲೂ ಇದೆಯಾ? ತೀರಿಕೊಂಡು ಎರಡು ತಿಂಗಳಾಯಿತು ಅಂತ ಬರೆದಿದ್ದೀರಿ. ಬೀದರಿನ ನಿಮ್ಮ ಓಣಿಯಲ್ಲಿ ಯಾರಿಗೆ ಏನಾದರೂ ಮೊದಲು ಅವರಿಗೇ ಫೋನ್ ಬರುತ್ತಿತ್ತು ಅಂತಲೂ ಬರೆದಿದ್ದೀರಿ. ಹಾಗಿದ್ದರೆ ಸಂಚಿಕೆ, ತಂಗುದಾಣ ಎರಡೂ ಆಮೇಲಿನ ಮಾತು. ಇವತ್ತೇ ಆ ನಂಬರಿಗೆ ರೀಚಾರ್ಜ್ ಮಾಡಿಸಿ. ಯಾಕೆ ಅಂತ ಹೇಳ್ತೀನಿ.

ನಮ್ಮ ಅಪ್ಪಾಜಿ ಕಲಬುರಗಿ ಗಂಜಿನಲ್ಲಿ, ಅಂದರೆ ಕಾಳುಕಡಿಯ ಪೇಟೆಯಲ್ಲಿ, ಒಂದು ಅಡತಿ (ದಲಾಲಿ) ಅಂಗಡಿಯ ಲೆಕ್ಕ ಬರೆಯುವ ಮುನೀಮರು. ಸುಪ್ರೀಂ ಕೋರ್ಟ್ ತೀರ್ಪಿನಂತೆ 1998ರ ಜನವರಿಯಿಂದ ದುಡ್ಡು ತಗೊಂಡು ರಕ್ತ ಕೊಡುವುದು ದೇಶದಲ್ಲೆಲ್ಲ ಬಂದ್ ಆಯಿತಲ್ಲ, ರಕ್ತ ಹೊಂದಿಸಿ ಕೊಡುವ ಅವರ ಕೆಲಸ ಶುರುವಾದದ್ದು ಆಗ. ಒಳ್ಳೆಯ ಕಾನೂನೇ. ಆದರೆ ಚಿಂಚೋಳಿ, ಜೇವರ್ಗಿ ಕಡೆಯಿಂದ ಹೆರಿಗೆಗೆ ಅಂತ ಬಂದವರಿಗೆ ಇಲ್ಲಿ ಗುರುತಿನವರು ಯಾರಿರ್ತಾರೆ? ಗಂಡ ಒಂದು ಬಾಟಲಿ ಕೊಟ್ಟಾನು, ಎರಡನೆಯದಕ್ಕೆ ಯಾರನ್ನು ಕೇಳಬೇಕು? ಒಬ್ಬ ಹಮಾಲನ ಹೆಂಡತಿಗೆ ಹೀಗೇ ಆದಾಗ ಅಪ್ಪಾಜಿ ಗಂಜಿನ ಬೇರೆ ಹಮಾಲರನ್ನು ಕರಕೊಂಡು ದವಾಖಾನೆಗೆ ಹೋದರು. ಆಮೇಲೆ ಆ ಕೆಲಸ ನಿಲ್ಲಲೇ ಇಲ್ಲ.

ಸಂಘ ಇಲ್ಲ, ರಸೀದಿ ಪುಸ್ತಕ ಇಲ್ಲ. ಇದ್ದದ್ದು ಕೆಂಪು ಬಟ್ಟೆಯ ಒಂದು ಖಾತೆ ವಹಿ. ಎಡಕ್ಕೆ ಜಮಾ: ಕೊಟ್ಟವರ ಹೆಸರು, ಊರು, ಗುಂಪು, ಫೋನ್ ನಂಬರು, ತಾರೀಕು. ಬಲಕ್ಕೆ ಖರ್ಚು: ಯಾವ ರೋಗಿಗೆ ಹೋಯಿತು ಅನ್ನುವುದು. ಕೊಟ್ಟವರ ಹೆಸರಿನ ಮುಂದೆ ಮೂರು ತಿಂಗಳ ಮುಂದಿನ ಇನ್ನೊಂದು ತಾರೀಕು, ಯಾಕಂದರೆ ಗಂಡಸರು ಮತ್ತೆ ಕೊಡಬೇಕಾದರೆ ಅಷ್ಟು ಅಂತರ ಬೇಕು. ಹೆಂಗಸರಿಗೆ ನಾಲ್ಕು ತಿಂಗಳು. 45 ಕಿಲೋ ತೂಗದ ಕಾಲೇಜು ಹುಡುಗರು ಹುರುಪಿನಿಂದ ಬಂದರೆ ತೊಗರಿ ತೂಗುವ ಕಾಟಾದ ಮೇಲೆ ನಿಲ್ಲಿಸಿ, ಮುಳ್ಳು ತೋರಿಸಿ, ಚಹಾ ಕುಡಿಸಿ ವಾಪಸ್ ಕಳಿಸುತ್ತಿದ್ದರು. ಸುಲಭಕ್ಕೆ ಸಿಗದ ಓ ನೆಗೆಟಿವ್ ರಕ್ತ ಇದ್ದವರಿಗೆ ಬೇರೆಯೇ ಪುಟ. ಅವರ ಮನೆಯ ಮದುವೆಗಳಿಗೆ ನಾವು ತಪ್ಪದೆ ಹೋಗಬೇಕು, ಅದು ಮನೆಯ ಕಾಯಿದೆ. ಅಷ್ಟು ಲಗ್ನ ನಮ್ಮ ಸ್ವಂತ ಬಳಗದಲ್ಲೂ ನಾನು ಉಂಡಿಲ್ಲ.

ಎಳ್ಳಮವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ ಭಜ್ಜಿ ಉಂಡು ಬಂದವರು ಅದೇ ವಾರ ಹೋಗಿಬಿಟ್ಟರು. ಹೃದಯಾಘಾತ.

ಈಗ ನನ್ನ ತಪ್ಪು. ಅಪ್ಪಾಜಿಯ ಫೋನ್ ಬಟನ್ನಿನ ಹಳೆಯ ಸೆಟ್ಟು. ದಿನಕರ್ಮ ಮುಗಿಯುವ ತನಕ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಪ್ರತಿ ಸಲ ಅವ್ವ ಅಳುವವಳು. ನಾನು ಅದನ್ನು ಬಂದ್ ಮಾಡಿ ಅಲಮಾರಿಯಲ್ಲಿಟ್ಟೆ. ಆಗ ಅದು ಸರಿಯಾಗೇ ಕಂಡಿತು. ಸುದ್ದಿ ಎಲ್ಲರಿಗೂ ಮುಟ್ಟಿದೆ, ಇನ್ನು ಯಾರು ಫೋನ್ ಹಚ್ಚುತ್ತಾರೆ? ಹಚ್ಚಿದರೂ ಅಪ್ಪಾಜಿ ಇಲ್ಲದೆ ಯಾರು ಏನು ಮಾಡುತ್ತಾರೆ? ವಹಿಯಂತೂ ನಮ್ಮ ಹತ್ತಿರವೇ ಇದೆ, ಪೇರಿಸಿಟ್ಟ ರೇಷ್ಮೆ ಸೀರೆಗಳ ನಡುವೆ. ಹೀಗೆ ಲೆಕ್ಕ ಹಾಕಿದೆ. ಮುನೀಮರ ಮಗ, ಲೆಕ್ಕವೇ ತಪ್ಪಿತು. ಕೊಡುವವರ ನಂಬರು ನಮ್ಮ ಹತ್ತಿರ ಇದ್ದವು, ಖರೇ. ಬೇಡುವವರ ಹತ್ತಿರ ಇದ್ದದ್ದು ಒಂದೇ ನಂಬರು. ಅದು ಹಳ್ಳಿಯ ಮನೆಗಳ ಗೋಡೆ ಮೇಲೆ, ರೇಷನ್ ಕಾರ್ಡಿನ ಹಿಂದೆ, ಆಶಾ ಕಾರ್ಯಕರ್ತೆಯರ ಡೈರಿಯಲ್ಲಿ ಇತ್ತು. ಅಲ್ಲಿಗೆಲ್ಲ ನಮ್ಮ ಶೋಕ ಸುದ್ದಿ ಹೋಗಿರಲಿಲ್ಲ.

ಪ್ರೀಪೇಡ್ ಸಿಮ್ಮಿನಲ್ಲಿ 90 ದಿನ ಕರೆ, ಮೆಸೇಜು, ಡೇಟಾ ಏನೂ ನಡೆಯದಿದ್ದರೆ ಕಂಪನಿ ಅದನ್ನು ಬಂದ್ ಮಾಡಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಹಿಡಿದುಕೊಂಡು ಇನ್ನು 30 ದಿನ ಕಾಯುತ್ತಾರೆ. ಆಮೇಲೆ ನಂಬರು ಬೇರೆಯವರ ಪಾಲು. ನಮ್ಮ 90 ದಿನ ತುಂಬಿದ್ದು ಏಪ್ರಿಲ್‌ನಲ್ಲಿ. ಕಾಲೇಜು ರಜೆ, ಶಿಬಿರಗಳಿಲ್ಲ, ಕಲಬುರಗಿ ಬಿಸಿಲಿಗೆ ಹೊರಗೆ ಬರಲು ಯಾರೂ ಒಲ್ಲರು. ರಕ್ತಕ್ಕೆ ವರ್ಷದಲ್ಲೇ ಹೆಚ್ಚು ತ್ರಾಸು ಆಗ. ನಾನು ಆ ಹೊತ್ತಿಗೆ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಅಪ್ಪಾಜಿಯ ಸ್ಮರಣ ಸಂಚಿಕೆಗೆ ಕಾಗದ ಆರಿಸುತ್ತಿದ್ದೆ.

ಮುಂದೆ ಗ್ಯಾಸ್ ಬುಕ್ ಮಾಡಿದಾಗ ಕೋಡ್ ಯಾರದೋ ಫೋನಿಗೆ ಹೋಗತೊಡಗಿತು. ಆಗಲಾದರೂ ಎಚ್ಚರ ಆಗಬೇಕಿತ್ತು. ಗ್ಯಾಸಿನವರ ಹತ್ತಿರ ನಂಬರು ಬದಲಿಸಿ ಸುಮ್ಮನಾದೆ.

ವರ್ಷದ ಕಾರ್ಯಕ್ರಮದ ದಿನ ಸೇಡಂ ಕಡೆಯ ಮುದುಕರೊಬ್ಬರು ಬಂದರು. ಗಂಜಿಗೆ ತೊಗರಿ ಹಾಕಲು ಬಂದಿದ್ದವರು, ಅಲ್ಲಿ ಸುದ್ದಿ ಕೇಳಿ ಸೀದಾ ಬಂದಿದ್ದರು. "ಬ್ಯಾಸಗ್ಯಾಗ ಮಗಳಿಗಿ ರಕ್ತ ಬೇಕಾಗಿತ್ತರೀ. ಮುನೀಮರಿಗಿ ಹಚ್ಚೇ ಹಚ್ಚಿದೆ. ಮೊದಲ ಬಂದ್ ಅಂತು. ಆಮ್ಯಾಲ ಯಾವದೋ ಹೆಣ್ಮಗಳು ಹಿಂದಿ ಮಾತಾಡಿದಳು. ಅವರು ಹೋಗ್ಯಾರಂತ ಇವತ್ತೇ ಗೊತ್ತಾತು." ಮಗಳು ಹೇಗಿದ್ದಾಳೆ ಅಂತ ಕೇಳುವ ಧೈರ್ಯ ನನಗಾಗಲಿಲ್ಲ, ಅಕ್ಕ ಕೇಳಿದಳು. ಸೊಲ್ಲಾಪುರಕ್ಕೆ ಒಯ್ದು ಉಳಿಸಿಕೊಂಡರಂತೆ, ಹೊಲ ಒತ್ತಿ ಹಾಕಿ.

ಆ ಹಿಂದಿ ಹೆಣ್ಣುಮಗಳಿಗೆ ಅಕ್ಕ ಅದೇ ರಾತ್ರಿ ಫೋನ್ ಮಾಡಿದಳು. ಬಿಹಾರದಿಂದ ಬೆಂಗಳೂರಿಗೆ ಕೆಲಸಕ್ಕೆ ಬಂದವಳು, ಪಾಪ, ಈ ಕರೆಗಳಿಂದ ರೋಸಿಹೋಗಿದ್ದಳು. ವಿಷಯ ತಿಳಿದ ಮೇಲೆ ಅಕ್ಕನ ನಂಬರು ಬರೆದುಕೊಂಡಳು. ಈಗ ಯಾರಾದರೂ ಮುನೀಮರನ್ನು ಕೇಳಿದರೆ ಅದನ್ನೇ ಕೊಡುತ್ತಾಳೆ. ವಹಿಯೂ ಈಗ ಅಕ್ಕನ ಮನೆಯಲ್ಲಿದೆ, ನನಗಿಂತ ಚೆನ್ನಾಗಿ ನಡೆಸುತ್ತಾಳೆ.

ಇನ್ನು ಸಂಚಿಕೆ. ಹಣ ಹೋದದ್ದು ದೊಡ್ಡದಲ್ಲ. ಅರ್ಧ ಪುಟಗಳು ಗಣ್ಯರ ಸಂದೇಶ, ಅವರಲ್ಲಿ ಬಹಳ ಮಂದಿ ಅಪ್ಪಾಜಿಯ ಮುಖವನ್ನೇ ನೋಡಿದವರಲ್ಲ. "ಸಮಾಜಕ್ಕಾಗಿ ಮನೆಯನ್ನೇ ಮರೆತ ತ್ಯಾಗಿ" ಅಂತ ಒಬ್ಬರು ಬರೆದಿದ್ದರು, ನಾನೂ ಅದನ್ನೇ ದಪ್ಪ ಅಕ್ಷರದಲ್ಲಿ ಹಾಕಿಸಿದ್ದೆ. ಓದಿ ಹೇಳಿದಾಗ ಅವ್ವ ಸಿಟ್ಟಿಗೆದ್ದಳು. "ಮನಿ ಮರ್ತಾರಂತ ಯಾರು ಹೇಳ್ಯಾರ? ರಾತ್ರಿ ಊಟಕ್ಕ ಒಂದಿನಾ ತಪ್ಪಿಲ್ಲ ಅವ್ರು. ದವಾಖಾನಿಗಿ ಹೋಗಾದಿದ್ರ ಉಂಡು ಹೋಗ್ತಿದ್ರು. ರೋಗಿ ಸಂಗಟ ಇದ್ದವ್ರಿಗಿ ರೊಟ್ಟಿ ಕಟ್ಟಿಕೊಟ್ಟದ್ದು ಯಾರು, ನಿಮ್ಮ ಸಮಾಜೇನು?" ಅವ್ವನ ಮಾತು ಅಷ್ಟು ಪುಟಗಳಲ್ಲಿ ಒಂದು ಸಾಲೂ ಇರಲಿಲ್ಲ. ಫೋಟೊ ಒಂದಿತ್ತು.

ಅದಕ್ಕೇ ನೀವು "ಮನೆಗೆ ದುಡಿದದ್ದು ಒಂದು ಭಾಗ, ಊರಿಗೆ ದುಡಿದದ್ದು ಇನ್ನೊಂದು ಭಾಗ ಮಾಡಬೇಕೆಂದಿದ್ದೇನೆ" ಅಂದದ್ದನ್ನು ನಾನು ಒಪ್ಪುವುದಿಲ್ಲ. ಅಂಥವರ ಬದುಕಿನಲ್ಲಿ ಆ ಗೆರೆಯೇ ಇರುವುದಿಲ್ಲ. ಮೊದಲು ನಿಮ್ಮ ತಾಯಿಯನ್ನು ಮಾತಾಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಸಂಚಿಕೆ ಬರುವುದಿದ್ದರೆ ಎರಡನೇ ವರ್ಷಕ್ಕೋ ಮೂರನೇ ವರ್ಷಕ್ಕೋ ಬರಲಿ, ಸಂದೇಶಗಳಿಲ್ಲದೆ.

ನಂಬರು ರೀಚಾರ್ಜ್ ಆದ ಮೇಲೆ ಮನೆಯ ಒಬ್ಬರ ಹೆಸರಿಗೆ ಮಾಡಿಸಿ. ಮರಣ ಪ್ರಮಾಣಪತ್ರ, ನಿಮ್ಮ ಆಧಾರ್, ಸಂಬಂಧದ ಪುರಾವೆ ತಗೊಂಡು ಕಂಪನಿಯ ಸ್ವಂತ ಮಳಿಗೆಗೇ ಹೋಗಿ, ಓಣಿಯ ರೀಚಾರ್ಜ್ ಅಂಗಡಿಯಲ್ಲಿ ಆಗುವುದಿಲ್ಲ. ಉಳಿದ ವಾರಸುದಾರರ ಒಪ್ಪಿಗೆ ಪತ್ರ ಕೇಳಿದರೂ ಕೇಳಬಹುದು. ಫೋನ್ ಎತ್ತುವವರು ಯಾರು ಅಂತ ಅಣ್ಣ ತಮ್ಮಂದಿರು ಕುಳಿತು ಮೊದಲೇ ಗೊತ್ತು ಮಾಡಿ. ಎಲ್ಲರೂ ಎತ್ತುತ್ತೇವೆ ಅಂದರೆ ಯಾರೂ ಎತ್ತುವುದಿಲ್ಲ.

ತಂಗುದಾಣದ ಬಗ್ಗೆ ನನಗೆ ಹೆಚ್ಚು ತಿಳಿಯದು. ಕಟ್ಟಿಸುವುದೇ ಆದರೆ ಜಾಗ ಯಾರದು ಅಂತ ನೋಡಿ ಲಿಖಿತ ಅನುಮತಿ ತಗೊಳ್ಳಿ, ರಸ್ತೆ ಅಗಲ ಮಾಡುವಾಗ ಕೆಡವಿದರೆ ಮನಸ್ಸು ಕೆಡುತ್ತದೆ. ಮತ್ತೆ ತಗಡು ಹೊದಿಸಬೇಡಿ, ಬ್ಯಾಸಗಿಯಲ್ಲಿ ಅದರ ಕೆಳಗೆ ನಾಯಿಯೂ ಮಲಗುವುದಿಲ್ಲ.