ಸಣ್ಣ ತಂಡದ ಆಟಕ್ಕೆ ರಿಯಾಯಿತಿ ತೋರಿಸಬೇಕೇ?

ಪ್ರಶ್ನೆ: ಕಾಲೇಜಿನ ಭಿತ್ತಿಪತ್ರಿಕೆಗೆ ವಿಡಿಯೊ ಗೇಮ್‌ಗಳ ವಿಮರ್ಶೆ ಬರೆಯುತ್ತೇನೆ. ನಾಲ್ಕಾರು ಜನ ಸೇರಿ ಕಟ್ಟಿದ ಆಟದ ದೋಷಗಳನ್ನು ಎತ್ತಿ ತೋರಿಸಿದರೆ, ಅಷ್ಟು ಕಷ್ಟಪಟ್ಟವರ ಬಗ್ಗೆ ಕಟುವಾಗಿ ಬರೆಯಬಾರದೆಂದು ಗೆಳೆಯರು ಆಕ್ಷೇಪಿಸುತ್ತಾರೆ. ಇಂಥ ಆಟಗಳಿಗೆ ಬೇರೆಯೇ ಅಳತೆಗೋಲು ಬೇಕೇ?
– ಓದುಗರೊಬ್ಬರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ತಂಡ ಚಿಕ್ಕದಾದ ಕಾರಣ ಆಟ ಚಿಕ್ಕದಾಗಿರುವುದನ್ನು, ಚಿತ್ರಗಳು ಸರಳವಾಗಿರುವುದನ್ನು ಧಾರಾಳವಾಗಿ ಒಪ್ಪಿಕೊಳ್ಳಿ. ಆದರೆ ಗುಂಡಿ ಒತ್ತಿದಾಗ ಪಾತ್ರ ಹೇಗೆ ಸ್ಪಂದಿಸುತ್ತದೆ ಎಂಬ ವಿಷಯದಲ್ಲಿ ರಿಯಾಯಿತಿ ಬೇಡ. ಅದಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ನಿಗಾ. 2018ರ ‘ಸೆಲೆಸ್ಟ್’ ಆಟದಲ್ಲಿ ಪಾತ್ರವು ಅಂಚು ದಾಟಿದ ಮೇಲೂ ಕ್ಷಣಾರ್ಧದವರೆಗೆ ಜಿಗಿತದ ಗುಂಡಿ ಕೆಲಸ ಮಾಡುತ್ತದೆ. ಆಡುವವರ ಗಮನಕ್ಕೆ ಇದು ಬರುವುದೇ ಇಲ್ಲ, ಆಟ ತಾವು ಹೇಳಿದಂತೆ ಕೇಳುತ್ತಿದೆ ಎಂಬ ಭರವಸೆ ಮಾತ್ರ ಮೂಡುತ್ತದೆ.

ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡ 2020ರಲ್ಲಿ ಹೊರತಂದ ‘ರಾಜಿ’ಯನ್ನು ಈ ದೃಷ್ಟಿಯಿಂದ ನೋಡಿ. ಅದರ ಕಥಾಭಾಗಗಳನ್ನು ನೆರಳುಗೊಂಬೆಗಳ ಶೈಲಿಯಲ್ಲಿ ನಿರೂಪಿಸಲಾಗಿದೆ. ಮೊರನಾಳದ ತೊಗಲುಗೊಂಬೆಯಾಟ ಬಲ್ಲ ನಿಮ್ಮ ಜಿಲ್ಲೆಯವರಿಗೆ ಅದರ ಸೊಗಸನ್ನು ವಿವರಿಸಬೇಕಾಗಿಲ್ಲ. ಆದರೆ ಅಲ್ಲಿ ಕ್ಯಾಮೆರಾವನ್ನು ಆಡುವವರು ತಿರುಗಿಸುವಂತಿಲ್ಲವಾದ್ದರಿಂದ, ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಹಾರುವಾಗ ನಡುವಿನ ಅಂತರ ಕೆಲವೆಡೆ ಅಂದಾಜಿಗೆ ಸಿಗದೆ, ತಮ್ಮ ತಪ್ಪಿಲ್ಲದೆಯೂ ಕೆಳಗೆ ಬೀಳಬೇಕಾಗುತ್ತದೆ. ನಮ್ಮ ದೇಶದವರ ಕೆಲಸವೆಂಬ ಅಭಿಮಾನದಿಂದ ಇದನ್ನು ಮುಚ್ಚಿಡುವುದು ಆ ತಂಡಕ್ಕೇ ಮಾಡುವ ಅನ್ಯಾಯ ಎಂದು ನಾನು ದೃಢವಾಗಿ ನಂಬಿದ್ದೇನೆ. ಎಲ್ಲಿ, ಯಾವ ಜಿಗಿತದಲ್ಲಿ ತೊಂದರೆಯಾಯಿತೆಂದು ನಿಖರವಾಗಿ ಬರೆದರೆ ಅದು ಕಟುವೆನಿಸುವುದಿಲ್ಲ.

ಆಟ ಬೇಗ ಮುಗಿಯುವುದನ್ನು ಮಾತ್ರ ದೋಷವೆಂದು ಎಣಿಸಬೇಡಿ. ಕೆನಡಾದಲ್ಲಿ ನೆಲೆಸಿದ ತಮಿಳು ಕುಟುಂಬದ ಕಥೆಯಾದ ‘ವೆಂಬಾ’ (2023) ಆಟವನ್ನು ಒಂದೇ ಸಲ ಕೂತು ಮುಗಿಸಬಹುದು. ಹಾಳಾದ ಅಡುಗೆ ಪುಸ್ತಕದಲ್ಲಿ ಅಳಿಸಿಹೋದ ಸಾಲುಗಳನ್ನು ಊಹಿಸಿ ಇಡ್ಲಿ ಬೇಯಿಸುವ ಆ ಆಟವನ್ನು ಹತ್ತಾರು ಗಂಟೆ ಎಳೆದಿದ್ದರೆ ತಾಯಿ ಮಗನ ಕಥೆಯ ಬಿಗಿಯೇ ಸಡಿಲವಾಗುತ್ತಿತ್ತು.

ಯಾವ ಯಂತ್ರದಲ್ಲಿ, ಯಾವ ಆವೃತ್ತಿಯನ್ನು ಆಡಿದಿರೆಂಬುದನ್ನೂ ತಪ್ಪದೆ ನಮೂದಿಸಿ. ಹಳೆಯ ಲ್ಯಾಪ್‌ಟಾಪ್‌ನಲ್ಲಿ ಆಟ ತಡವರಿಸಿದರೆ ಅದು ಯಂತ್ರದ ಮಿತಿಯೂ ಆಗಿರಬಹುದು. ಎರಿಕ್ ಬರೋನ್ ಒಬ್ಬರೇ ಕಟ್ಟಿ 2016ರಲ್ಲಿ ಬಿಡುಗಡೆ ಮಾಡಿದ ‘ಸ್ಟಾರ್‌ಡ್ಯೂ ವ್ಯಾಲಿ’ಗೆ 2024ರಲ್ಲೂ ದೊಡ್ಡ ಪರಿಷ್ಕರಣೆ ಬಂದಿದೆ, ಆವೃತ್ತಿ ಹೇಳದ ವಿಮರ್ಶೆಯನ್ನು ಓದಿದವರಿಗೆ ನೀವು ಕಂಡ ದೋಷ ಈಗಲೂ ಇದೆಯೋ ಇಲ್ಲವೋ ತಿಳಿಯುವುದಿಲ್ಲ.