ರಾಜಕೀಯ ಎಂದರೆ ಏನು, ಸಮಾಜಕ್ಕೆ ಅದು ಬೇಕೇ?

‘ರಾಜಕೀಯ ಎಂದರೆ ಕುರ್ಚಿಗಾಗಿ ಕಚ್ಚಾಟವಷ್ಟೇ ಅಲ್ಲವೇ, ಅದರಿಂದ ಸಮಾಜಕ್ಕೇನು ಉಪಯೋಗ?’ ಎಂದು ಕೇಳಿದ್ದೀರಿ. ಕಚ್ಚಾಟ ಇರುವುದು ನಿಜ. ಬಹಳ ವರ್ಷ ನಾನೂ ಅದಷ್ಟನ್ನೇ ರಾಜಕೀಯ ಎಂದುಕೊಂಡಿದ್ದೆ. ಆದರೆ ನೀರು, ದಾರಿ, ತೆರಿಗೆ, ಶಾಲೆ ಎಲ್ಲರಿಗೂ ಸೇರಿದವು. ಅವು ಹೇಗಿರಬೇಕು ಎಂಬಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ಮಾತು. ಹೊಡೆದಾಟಕ್ಕೆ ಇಳಿಯದೆ ಅದನ್ನು ಇತ್ಯರ್ಥ ಮಾಡಿಕೊಳ್ಳುವ ಕೆಲಸವನ್ನೇ ನಾನು ಈಗ ರಾಜಕೀಯ ಎನ್ನುತ್ತೇನೆ.

ನಮ್ಮ ಪದವೇ ಸ್ವಲ್ಪ ದಾರಿ ತಪ್ಪಿಸುತ್ತದೆ. ‘ರಾಜಕೀಯ’ದೊಳಗೆ ರಾಜ ಕುಳಿತಿದ್ದಾನೆ; ಹಾಗಾಗಿ ಅದು ಆಳುವವರ ವ್ಯವಹಾರ, ನಮಗೇಕೆ ಎನಿಸಿಬಿಡುತ್ತದೆ. ‘ಪಾಲಿಟಿಕ್ಸ್’ ಹುಟ್ಟಿದ್ದು ಗ್ರೀಕರ ‘ಪೊಲಿಸ್’ನಿಂದ, ಅಂದರೆ ನಗರರಾಜ್ಯದಿಂದ. ಆ ಪದದೊಳಗಿರುವುದು ಊರು. (ಅಂಥದೊಂದು ನಗರರಾಜ್ಯವಾದ ಅಥೆನ್ಸಿನ ಸಭೆಯಲ್ಲಿ ಹೆಂಗಸರಿಗೂ ಗುಲಾಮರಿಗೂ ಜಾಗವಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ.)

ನನ್ನ ತಿಳಿವಳಿಕೆಯನ್ನು ಬದಲಿಸಿದ್ದು ಲಂಡನ್ನಿನ ಚರಂಡಿಯ ಕಥೆ. ಊರಿನ ಹೊಲಸೆಲ್ಲ ಥೇಮ್ಸ್ ನದಿಗೆ ಸೇರುತ್ತಿತ್ತು. ಅದೇ ನದಿಯ ನೀರನ್ನು ಜನ ಕುಡಿಯುತ್ತಿದ್ದರು. 1853-54ರ ಕಾಲರಾ ಅಲ್ಲಿ 10,000ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಆದರೂ ಖರ್ಚು ಯಾರದು, ಅಧಿಕಾರ ಯಾರದು ಎಂಬ ಚರ್ಚೆಯಲ್ಲೇ ವರ್ಷಗಳು ಉರುಳಿದವು. 1858ರ ಬೇಸಿಗೆಯಲ್ಲಿ ನದಿಯ ನಾತ ದಡದಲ್ಲೇ ಇದ್ದ ಸಂಸತ್ತಿನೊಳಗೆ ನುಗ್ಗಿತು. ನಾತ ತಡೆಯಲೆಂದು ಸುಣ್ಣದ ಕ್ಲೋರೈಡಿನಲ್ಲಿ ಅದ್ದಿದ ಪರದೆಗಳನ್ನು ಕಿಟಕಿಗಳಿಗೆ ಕಟ್ಟಿದರೂ ಸದಸ್ಯರಿಗೆ ಕುಳಿತುಕೊಳ್ಳಲಾಗಲಿಲ್ಲ. ಹದಿನೆಂಟೇ ದಿನಗಳಲ್ಲಿ ಹೊಸ ಚರಂಡಿ ಕಟ್ಟಿಸುವ ಕಾಯ್ದೆಯಾಯಿತು! ಎಂಜಿನಿಯರ್ ಜೋಸೆಫ್ ಬ್ಯಾಜಲ್ಗೆಟ್ ಅವರ ಮೇಲ್ವಿಚಾರಣೆಯಲ್ಲಿ ನೆಲದಡಿಯ ಚರಂಡಿಗಳು ಸಿದ್ಧವಾದವು. ಅವುಗಳಲ್ಲಿ ಹಲವು ಇಂದಿಗೂ ಬಳಕೆಯಲ್ಲಿವೆ.

ಇಟ್ಟಿಗೆ, ಹಣ, ಜಾಣ್ಮೆ ಯಾವುದಕ್ಕೂ ಆ ಊರಿನಲ್ಲಿ ಬರವಿರಲಿಲ್ಲ. ಇರಲಿಲ್ಲವಾದದ್ದು ತೀರ್ಮಾನ. ಅದನ್ನು ಮಾಡಬೇಕಾದವರ ಮೂಗಿಗೆ ನಾತ ಬಡಿಯುವವರೆಗೆ ಅದು ಬರಲೂ ಇಲ್ಲ. ಸತ್ತ ಕೂಲಿಕಾರರಲ್ಲಿ ಹೆಚ್ಚಿನವರಿಗೆ ಮತದ ಹಕ್ಕೇ ಇರಲಿಲ್ಲ. ಹೆಂಗಸರಿಗಂತೂ ಯಾರಿಗೂ ಇರಲಿಲ್ಲ. ಅವರ ಸಂಕಟ ಲೆಕ್ಕಕ್ಕೆ ಬರುವಂತೆ ಮಾಡುವುದೇ ರಾಜಕೀಯದ ಕೆಲಸವಾಗಿತ್ತು, ಇಂದಿಗೂ ಅದೇ ಅದರ ಕೆಲಸ. ಹಾಗಾಗಿಯೇ ‘ರಾಜಕೀಯ ಹೊಲಸು’ ಎಂದು ಬಲ್ಲವರೇ ದೂರ ಸರಿದಾಗ ನನಗೆ ಸಿಟ್ಟು ಬರುತ್ತದೆ.

ಆ ಚರಂಡಿಯ ಜಾಲ ನಗರದ ಪೂರ್ವಭಾಗದ ಬಡ ಕೇರಿಗಳಲ್ಲಿ ಪೂರ್ತಿಯಾಗುವ ಮೊದಲೇ, 1866ರಲ್ಲಿ, ಕಾಲರಾ ಮತ್ತೆ ಬಂತು. ಈ ಸಲ ಸತ್ತವರಲ್ಲಿ ಹೆಚ್ಚಿನವರು ಆ ಕೇರಿಗಳವರು.